ಎರಡು ಗಂಟೆಯ ವರದಿ ಹೇಳದೇ ಬಿಡುವುದು

ಕ್ಷಯ ಶಂಕಿತರ ಕಫವನ್ನು ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಉತ್ತರ ಬರುತ್ತದೆ: ಟಿಬಿ ಇದೆಯೇ, ಇದ್ದರೆ ಅದು ರಿಫಾಂಪಿಸಿನ್ ಎಂಬ ಔಷಧಕ್ಕೆ ಬಗ್ಗುತ್ತದೆಯೇ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಾದರೆ ವಾರಗಟ್ಟಲೆ ಕಾಯಬೇಕು. 2010ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಯನ್ನು ಒಪ್ಪಿತು. ಬೆಂಗಳೂರಿನಲ್ಲಿ ರೂಪುಗೊಂಡ ಇಂಥದ್ದೇ ಪರೀಕ್ಷೆ ಟ್ರೂನಾಟ್‌ಗೆ 2020ರಲ್ಲಿ ಅದೇ ಮನ್ನಣೆ ಸಿಕ್ಕಿತು. ಯಂತ್ರದ ಬಗ್ಗೆ ತಕರಾರಿಲ್ಲ. ತಕರಾರಿರುವುದು ವರದಿಯನ್ನು ನಾವು ಓದುವ ಬಗೆಯ ಮೇಲೆ. ಜೀನ್‌ಎಕ್ಸ್‌ಪರ್ಟ್ ರೋಗಾಣುವಿಗೆ ಔಷಧ ಹಾಕಿ ನೋಡುವುದಿಲ್ಲ, ಒಂದು ವಂಶವಾಹಿಯ 81 ಅಕ್ಷರಗಳ ತುಣುಕನ್ನಷ್ಟೇ ತಡಕುತ್ತದೆ. ನಿರೋಧಕತೆ ತರುವ ದೋಷ ಬಹುಪಾಲು ಅಲ್ಲೇ ಇರುತ್ತದೆ ನಿಜ. ಆದರೆ ಆಫ್ರಿಕಾದ ಎಸ್ವಾಟಿನಿಯಲ್ಲಿ 2009ರ ಸಮೀಕ್ಷೆಯ ಬಹುಔಷಧ ನಿರೋಧಕ (ರಿಫಾಂಪಿಸಿನ್, ಐಸೋನಿಯಜಿಡ್ ಎಂಬ ಎರಡೂ ಔಷಧಗಳಿಗೆ ಬಗ್ಗದ) ತಳಿಗಳ ಪೈಕಿ ಶೇ. 30ರಲ್ಲಿ ದೋಷವಿದ್ದದ್ದು ಆ ತುಣುಕಿನ ಆಚೆ. ಯಂತ್ರದ ಕಣ್ಣಿಗೆ ಅವು ಸಾಧು ರೋಗಾಣುಗಳೇ.

ತಪ್ಪು ಎದುರು ದಿಕ್ಕಿನಲ್ಲೂ ಆಗುತ್ತದೆ. ನಿರೋಧಕತೆ ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ಪರೀಕ್ಷೆ ‘ಇದೆ’ ಎನ್ನುತ್ತದೆ ಎಂದುಕೊಳ್ಳಿ. ಅಧ್ಯಯನಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಾವಿರ ಹೊಸ ರೋಗಿಗಳಲ್ಲಿ ಮೂವತ್ತು ಮಂದಿಗಷ್ಟೇ ನಿಜವಾದ ನಿರೋಧಕತೆ ಇದ್ದರೆ, ಸಿಕ್ಕಿಬೀಳುವವರು ಇಪ್ಪತ್ತೆಂಟು ಇಪ್ಪತ್ತೊಂಬತ್ತು ಮಂದಿ, ಸುಮ್ಮನೆ ಹೆದರುವವರು ಹತ್ತೊಂಬತ್ತು. ಹೊಸ ರೋಗಿಗೆ ಇಂಥ ವರದಿ ಬಂದರೆ ಇನ್ನೊಮ್ಮೆ ಕಫ ಪರೀಕ್ಷಿಸಬೇಕೆನ್ನುವುದು ಈ ಲೆಕ್ಕದಿಂದಲೇ. ಆ ಹತ್ತೊಂಬತ್ತೂ ಸುಳ್ಳೇನಲ್ಲ, ಕಲ್ಚರ್ ಕೂಡ ಕೆಲವು ದುರ್ಬಲ ನಿರೋಧಕತೆಯನ್ನು ಕಾಣದೆ ಬಿಡುತ್ತದೆ ಎನ್ನುವವರಿದ್ದಾರೆ. ಅವರ ಮಾತು ಸರಿ. ಹಾಗಿದ್ದಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕಲ್ಲದೆ ಒಂದನ್ನು ತೀರ್ಪುಗಾರನಾಗಿ ಕೂರಿಸಬಾರದು. ಕಾಯುತ್ತ ಕೂತರೆ ರೋಗಿ ಕೈತಪ್ಪುತ್ತಾನೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಚಿಕಿತ್ಸೆ ಅಂದೇ ಶುರುವಾಗಲಿ, ಎರಡನೇ ಪರೀಕ್ಷೆ ಅದರ ಜೊತೆಗೇ ನಡೆಯಲಿ.

ನಮ್ಮಲ್ಲಿ ದೊಡ್ಡ ಕಂಡಿ ಇರುವುದು ಬೇರೆಡೆ. 2014–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೊಸ ರೋಗಿಗಳ ಪೈಕಿ ಬಹುಔಷಧ ನಿರೋಧಕತೆ ಕಂಡದ್ದು ಶೇ. 2.84ರಲ್ಲಿ, ಐಸೋನಿಯಜಿಡ್‌ಗೆ ಬಗ್ಗದ ರೋಗಾಣು ಸಿಕ್ಕಿದ್ದು ಶೇ. 11.06ರಲ್ಲಿ. ಮೊದಲ ಹಂತದ ಈ ಪರೀಕ್ಷೆಗಳು ಐಸೋನಿಯಜಿಡ್ ವಿಷಯ ಎತ್ತುವುದೇ ಇಲ್ಲ. ಅದಕ್ಕೆ ಲೈನ್ ಪ್ರೋಬ್‌ನಂಥ ಇನ್ನೊಂದು ಪರೀಕ್ಷೆ ಬೇಕು. ‘ರಿಫಾಂಪಿಸಿನ್ ನಿರೋಧಕತೆ ಕಂಡಿಲ್ಲ’ ಎಂಬ ಚೀಟಿ ಕೈಗೆ ಬಂದರೆ, ಐಸೋನಿಯಜಿಡ್ ಪರೀಕ್ಷೆ ಆಯಿತೇ ಎಂದು ವೈದ್ಯರನ್ನು ಕೇಳಿ.