ಜಪಾನಿನ ಚೀಟಿ, ಉಪ್ಪುಂದದ ಬಾಕಿ

ಪುಟಾಣಿಗಳೇ, ನನ್ನ ತಂಗಿಯ ಮಗನಿಗೆ ಜಪಾನಿನ ಒಸಾಕಾ ನಗರದಲ್ಲಿ ಕೆಲಸ. ಹೋದ ತಿಂಗಳು ರಜೆಗೆ ಬಂದಿದ್ದ. ಬೈಂದೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದವನೇ ಕೈಚೀಲಕ್ಕೆ ಕೈಹಾಕಿ, "ಮಾವ, ನಿಮ್ಗೊಂದ್ ಸಾಮಾನ್ ತಂದಿದ್ದೆ" ಎಂದು ಒಂದು ಲಕೋಟೆ ಕೊಟ್ಟ. ನನಗೆ ಹಳೆಯ ಚೀಟಿ ಕೂಡಿಡುವ ಹುಚ್ಚಿದೆ ಎಂದು ಅವನಿಗೆ ಗೊತ್ತು.

ಮನೆಗೆ ಬಂದು ಬಿಡಿಸಿ ನೋಡಿದರೆ ಐದು ದಪ್ಪ ರಟ್ಟಿನ ಚೀಟಿಗಳು. ಬೆರಳುದ್ದದವು. ಒಂದೊಂದರ ಮೇಲೂ ಒಬ್ಬ ಆಟಗಾರ. ಆಕಾಶ ಕಡುಹಳದಿ, ಕೆನ್ನೆ ಕೆಂಪು. ಐದನೇ ತರಗತಿಯ ನನ್ನ ಮೊಮ್ಮಗಳು ಹೆಗಲ ಮೇಲಿಂದ ಇಣುಕಿ, "ಅಜ್ಜ, ಇವ್ರ ಬ್ಯಾಟ್ ಎಂತಕ್ಕೆ ಒನಕೆ ಕಣಂಗ್ ಇತ್?" ಎಂದಳು.

ಅದು ಕ್ರಿಕೆಟ್ ಅಲ್ಲ, ಬೇಸ್‌ಬಾಲ್. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಮೇಷ್ಟ್ರು ಟೋಕಿಯೊದ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದ ಆಟ. ನಮ್ಮಲ್ಲಿ ಗದ್ದೆ ಕೊಯ್ಲಾದ ಮೇಲೆ ಕ್ರಿಕೆಟ್ ಹೇಗೋ, ಅಲ್ಲಿಯ ಮಕ್ಕಳಿಗೆ ಬೇಸ್‌ಬಾಲ್ ಹಾಗೆ.

ಈ ಚೀಟಿಗೆ ಅಲ್ಲಿ 'ಮೆನ್ಕೊ' ಎನ್ನುತ್ತಾರೆ. ಇದು ಬರೀ ನೋಡುವ ಚಿತ್ರವಲ್ಲ, ಆಡುವ ಸಾಮಾನು. ಒಬ್ಬ ತನ್ನ ಚೀಟಿಯನ್ನು ನೆಲದ ಮೇಲಿಡುತ್ತಾನೆ. ಇನ್ನೊಬ್ಬ ತನ್ನದನ್ನು ಅದರ ಪಕ್ಕಕ್ಕೆ ಫಟ್ಟೆಂದು ಬಡಿಯುತ್ತಾನೆ. ಆ ಗಾಳಿಗೆ ಕೆಳಗಿನದು ಮಗುಚಿದರೆ ಬಡಿದವನಿಗೇ ಚೀಟಿ. ಮೊದಲು ಮೆನ್ಕೊ ಮಣ್ಣಿನದಿತ್ತು, ಆಮೇಲೆ ಸೀಸದ್ದು ಬಂತು, ಕೊನೆಗೆ ರಟ್ಟಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇಸ್‌ಬಾಲ್ ಆಟಗಾರರ ಮೆನ್ಕೊಗಳು ಮಕ್ಕಳ ಮಿಠಾಯಿ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು.

ಚೀಟಿ ತಿರುಗಿಸಿದ ಮೊಮ್ಮಗಳು ಕುಣಿದಳು. ಹಿಂಬದಿಯಲ್ಲಿ ಒಂದು ಉದ್ದದ ಸಂಖ್ಯೆ, ಪಕ್ಕದಲ್ಲಿ ಒಂದು ಕೈಯ ಚಿತ್ರ. ಒಂದರಲ್ಲಿ ಮುಷ್ಟಿ, ಒಂದರಲ್ಲಿ ಎರಡು ಬೆರಳು, ಇನ್ನೊಂದರಲ್ಲಿ ಬಿಚ್ಚಿದ ಅಂಗೈ. "ಅಜ್ಜ, ಕಲ್ಲು, ಕತ್ತರಿ, ಕಾಗದ!" ಹೌದು, ಅದೇ. ಜಪಾನಿನಲ್ಲಿ ಅದಕ್ಕೆ ಜಾನ್‌ಕೆನ್ ಎಂದು ಹೆಸರು. ಬಡಿದಾಡುವುದು ಬೇಡವೆಂದರೆ ಚೀಟಿ ತಿರುಗಿಸಿ ಹೀಗೂ ಆಡಬಹುದು.

ಇಂಥ ಚೀಟಿ ಕೂಡಿಸುವವರಿಗೆ ಒಂದು ತಲೆನೋವಿದೆ. ಬಹಳ ಚೀಟಿಗಳಲ್ಲಿ ಮಾಡಿದವರ ಹೆಸರಿಲ್ಲ, ಇಸವಿ ಇಲ್ಲ. ಆಟಗಾರನನ್ನೂ ತಂಡವನ್ನೂ ನೋಡಿ ವಯಸ್ಸು ಕಂಡುಹಿಡಿಯಬೇಕು. ನಮ್ಮ ಐದರಲ್ಲಿ ಒಂದು ಓ ಸದಾಹರು ಎಂಬವರದು. ಒಟ್ಟು 868 ಹೋಮ್ ರನ್ ಹೊಡೆದ ಮಹಾನ್ ಆಟಗಾರ. ಅವರು ದೊಡ್ಡ ತಂಡ ಸೇರಿದ್ದು 1959ರಲ್ಲಿ. ಹಾಗಾದರೆ ಆ ತಂಡದ ಅಂಗಿ ತೊಟ್ಟ ಅವರ ಚೀಟಿ ಅದಕ್ಕಿಂತ ಹಳೆಯದಿರಲಾರದು. ಇನ್ನೊಂದರಲ್ಲಿ 'ನಾನ್‌ಕಾಯ್' ಎಂದಿದೆಯೆಂದು ಅಳಿಯ ಓದಿ ಹೇಳಿದ. ಅದು ಒಸಾಕಾದ ಒಂದು ರೈಲು ಕಂಪನಿಯ ಹೆಸರು. ಜಪಾನಿನಲ್ಲಿ ರೈಲು ಕಂಪನಿಗಳೇ ತಂಡ ಕಟ್ಟುತ್ತಿದ್ದವು, ನಮ್ಮ ಕೊಂಕಣ ರೈಲ್ವೆ ಒಂದು ಕ್ರಿಕೆಟ್ ತಂಡ ಕಟ್ಟಿದ ಹಾಗೆ. ನಾನ್‌ಕಾಯ್ ತನ್ನ ತಂಡವನ್ನು 1988ರಲ್ಲಿ ಮಾರಿತು. ಆದ್ದರಿಂದ ಆ ಚೀಟಿ ಅದಕ್ಕಿಂತ ಹಿಂದಿನದು. ನೋಡಿದಿರಾ, ಚೀಟಿ ಕೂಡಿಸುವವನು ಸ್ವಲ್ಪ ಪತ್ತೇದಾರನೂ ಆಗಬೇಕು.

ಈಗ ನನ್ನ ತಗಡಿನ ಡಬ್ಬಿಯ ಸುದ್ದಿಗೆ ಬರುತ್ತೇನೆ. ಅಜ್ಜ ಅಜ್ಜಿಯರೇ, ನಿಮಗೆ ನೆನಪಿರಬೇಕು. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣವೇ ನಮ್ಮ ಮೆನ್ಕೊ. ಆಗಿನ ಪೊಟ್ಟಣ ತೆಳ್ಳಗಿನ ಮರದ ಸೀಳಿನದು, ಮೇಲೆ ಅಂಟಿಸಿದ ಚಿತ್ರ. ನೀರಲ್ಲಿ ನೆನೆಸಿದರೆ ಚಿತ್ರ ತಾನಾಗಿ ಬಿಟ್ಟು ತೇಲುತ್ತಿತ್ತು. ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಮಣೆ ಹೇರಿದರೆ ಮರುದಿನಕ್ಕೆ ಇಸ್ತ್ರಿ ಹಾಕಿದಂತೆ ಇರುತ್ತಿತ್ತು. ಈಗ ರಟ್ಟಿನ ಮೇಲೆಯೇ ಅಚ್ಚು ಹಾಕುತ್ತಾರೆ, ನೆನೆಸಿದರೆ ಎಲ್ಲವೂ ಮುದ್ದೆ.

ನನ್ನ ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯದೂ ಜಪಾನಿನದೇ. ಆನೆಗಳ ನಡುವೆ ಕೂತ ಲಕ್ಷ್ಮಿ, ಕೆಳಗೆ ಇಂಗ್ಲಿಷಿನಲ್ಲಿ 'ಮೇಡ್ ಇನ್ ಜಪಾನ್'. "ಜಪಾನಿನವ್ರ್ ನಮ್ ಲಕ್ಷ್ಮೀನ ಎಂತಕ್ಕೆ ಬಿಡಿಸ್ರ್?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನೂರು ವರ್ಷದ ಹಿಂದೆ ನಮ್ಮ ದೇಶಕ್ಕೆ ಬೆಂಕಿಪೊಟ್ಟಣ ಸ್ವೀಡನ್ನಿನಿಂದಲೂ ಜಪಾನಿನಿಂದಲೂ ಹಡಗಿನಲ್ಲಿ ಬರುತ್ತಿತ್ತು. ಇಲ್ಲಿಯ ಜನ ಕೊಳ್ಳಲಿ ಎಂದು ಅವರು ನಮ್ಮ ಆನೆ, ಹುಲಿ, ದೇವರುಗಳನ್ನೇ ಚಿತ್ರಿಸಿ ಕಳಿಸುತ್ತಿದ್ದರು. ಆಮೇಲೆ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತಕ್ಕೆ ಹೋಗಿ ಕಸಬು ಕಲಿತು ಬಂದು 1923ರಲ್ಲಿ ತಮ್ಮೂರಿನಲ್ಲಿ ಬೆಂಕಿಪೊಟ್ಟಣ ಮಾಡತೊಡಗಿದರು. ಅಲ್ಲಿಂದ ಮುಂದೆ ನಮ್ಮ ಒಲೆಗಳಿಗೆ ನಮ್ಮದೇ ಕಡ್ಡಿ.

"ಇದ್ ನಿಮ್ಗ್ ಎಲ್ಲ್ ಸಿಕ್ತ್ ಅಜ್ಜ?"

ಈ ಪ್ರಶ್ನೆ ಬೇಡವಾಗಿತ್ತು ನನಗೆ. ಆದರೂ ಹೇಳಿದೆ. ನನಗಾಗ ಹತ್ತು ವರ್ಷ. ಪಕ್ಕದ ಬೆಂಚಿನ ಗೆಳೆಯನ ಅಜ್ಜನಿಗೆ ದಿನಸಿ ಅಂಗಡಿಯಿತ್ತು. ಅಲ್ಲಿಯ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಈ ಚೀಟಿ ಅಂಟಿತ್ತು. ಒಂದು ದಿನ ಗೆಳೆಯ ಅದನ್ನು ಕಿತ್ತು ಶಾಲೆಗೆ ತಂದ. ಇಂಥದ್ದು ಅಪರೂಪ, ಯುದ್ಧಕ್ಕೂ ಹಿಂದಿನದು ಎಂದು ಮಂಗಳೂರಿನಲ್ಲಿದ್ದ ನನ್ನ ಸೋದರಮಾವ ಹೇಳಿದ್ದು ನನ್ನ ತಲೆಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ನನ್ನ ಬಳಿ ರಾಶಿಯಿದ್ದ ಹೊಸ ಹುಲಿ ಚೀಟಿಗಳಲ್ಲಿ ನಾಲ್ಕನ್ನು ಕೊಟ್ಟು ಲಕ್ಷ್ಮಿಯನ್ನು ತೆಗೆದುಕೊಂಡೆ. ಅವನು ಕುಣಿಯುತ್ತಾ ಹೋದ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರೆ ಅದ್ ಮೋಸ ಅಲ್ದಾ ಅಜ್ಜ?" ಎಂದಳು.

ಆ ಗೆಳೆಯ ಏಳನೇ ತರಗತಿ ಮುಗಿಸಿ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವನು. ಈಗ ಉಪ್ಪುಂದದಲ್ಲಿ ಮಗನ ಮನೆಯಲ್ಲಿದ್ದಾನೆ. ಮದುವೆ, ಜಾತ್ರೆಗಳಲ್ಲಿ ಎಷ್ಟೋ ಸಲ ಸಿಕ್ಕಿದ್ದೇವೆ. ಮಳೆ, ಮೀನು, ಮೊಣಕಾಲು ನೋವು, ಎಲ್ಲ ಮಾತಾಡಿದ್ದೇವೆ. ಚೀಟಿಯ ಮಾತು ಮಾತ್ರ ನಾನು ಎತ್ತಿದವನಲ್ಲ.

ಮರು ಭಾನುವಾರ ಮೊಮ್ಮಗಳ ಕೈ ಹಿಡಿದು ಉಪ್ಪುಂದದ ಬಸ್ಸು ಹತ್ತಿದೆ. ಗೆಳೆಯ ಅಂಗಳದಲ್ಲಿ ತೆಂಗಿನ ಗರಿ ಸೀಳಿ ಹಿಡಿಸೂಡಿ ಕಟ್ಟುತ್ತಿದ್ದ. "ಹ್ವಾಯ್, ಎಂತ ಮಾರಾಯ ಅಪ್ರೂಪ! ಕೂಕೊ" ಎಂದ. ನಾನು ಕೂರದೆ ಚೀಟಿ ಅವನ ಕೈಯಲ್ಲಿಟ್ಟೆ. ಕನ್ನಡಕ ಮೇಲೇರಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಇದ್ ಹಳೇದ್, ಬೆಲೆಯದ್ ಅಂದೇಳಿ ನಂಗೆ ಅವತ್ತೇ ಗೊತ್ತಿತ್. ನಿಂಗೆ ಹೇಳ್ಲಿಲ್ಲೆ" ಎಂದೆ.

"ಹಳೇದ್ ಅಂತ ನಂಗೆ ಗೊತ್ತಿಲ್ದೇ ಇಪ್ಪುದಾ? ಅಜ್ಜ ದಿನಾ ಬೆಳಿಗ್ಗೆ ಪೆಟ್ಟಿಗೆ ತೆಗ್ದ್ ಇದಕ್ಕೇ ಕೈ ಮುಗಿತಿದ್ರ್" ಎಂದ. "ಅವತ್ತ್ ನಂಗೆ ಬಿದ್ದ ಹೊಡ್ತ ಮಾರಾಯ! ಎರಡ್ ದಿನ ಬೆನ್ನ್ ಉರಿ. ಯಾರಿಗ್ ಕೊಟ್ಟೆ ಹೇಳ್ ಅಂತ ಕೇಳ್ರ್. ನಾನ್ ಹೇಳ್ಲಿಲ್ಲೆ."

"ಎಂತಕ್ಕೆ ಹೇಳ್ಲಿಲ್ಲೆ?"

"ಹೇಳಿರೆ ನಿಂಗೂ ಬೀಳ್ತಿತ್."

ಇಷ್ಟು ವರ್ಷ ನಾನು ಒಂದು ಚೀಟಿಯ ಸಾಲಗಾರ ಅಂದುಕೊಂಡಿದ್ದೆ. ಅವನು ನನ್ನ ಪಾಲಿನ ಪೆಟ್ಟನ್ನೂ ತಿಂದಿದ್ದ ಎಂದು ಅಂದೇ ಗೊತ್ತಾಯಿತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವನು ಒಳಗೆ ಹೋಗಿ ಚಾವಡಿಯಲ್ಲಿದ್ದ ಅಜ್ಜನ ಫೋಟೋದ ಚೌಕಟ್ಟಿಗೆ ಚೀಟಿ ಸಿಕ್ಕಿಸಿ ಬಂದ. ಗಲ್ಲಾಪೆಟ್ಟಿಗೆ ಗುಜರಿಗೆ ಹೋಗಿ ಕಾಲವಾಯಿತಂತೆ.

ಅಷ್ಟರಲ್ಲಿ ಅಂಗಳದಿಂದ ಫಟ್ ಫಟ್ ಸದ್ದು. ಮೊಮ್ಮಗಳು ನನ್ನ ಮೆನ್ಕೊಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು! ಅವನ ಮೊಮ್ಮಗನ ಜೊತೆ ಸಿಮೆಂಟು ಅಂಗಳದಲ್ಲಿ ಬಡಿದಾಟ ಸಾಗಿತ್ತು. ಓ ಸದಾಹರು ಅವರ ಒಂದು ಮೂಲೆ ಮಡಚಿಹೋಗಿತ್ತು. ನನ್ನ ಎದೆ ಧಸಕ್ಕೆಂದಿತು. ಗದರಲು ಬಾಯಿ ತೆರೆದವನು ಮುಚ್ಚಿಕೊಂಡೆ. ಆಡಲೆಂದೇ ಮಾಡಿದ ಚೀಟಿ ಅದು. ಎಷ್ಟೋ ಮಕ್ಕಳು ಹೀಗೆ ಬಡಿದು ಹರಿದದ್ದರಿಂದಲೇ ಉಳಿದವು ಅಪರೂಪವಾದವು.

ಕೊನೆಗೆ ನಾನ್‌ಕಾಯ್ ಚೀಟಿ ಮಗುಚಿತು. ಆ ಹುಡುಗ ಗೆದ್ದ. ಮೊಮ್ಮಗಳು ನನ್ನ ಮುಖ ನೋಡಿದಳು. ಗೆದ್ದದ್ದು ಗೆದ್ದದ್ದೇ ಎಂದೆ. ಆದರೆ ಕೊಡುವ ಮೊದಲು ಅದು ಎಲ್ಲಿಯದು, ಎಷ್ಟು ಹಳೆಯದು, ಏಕೆ ಅಪರೂಪ ಎಂಬುದನ್ನೆಲ್ಲ ಅವನಿಗೆ ಹೇಳಬೇಕೆಂದೆ. ಅವಳು ರೈಲು ಕಂಪನಿಯ ಕಥೆಯಿಂದ ಹಿಡಿದು ಪೂರ್ತಿ ಹೇಳಿದಳು.

ಈಗ ನನ್ನ ಸಂಗ್ರಹದ ಪುಸ್ತಕದಲ್ಲಿ ಎರಡು ಜಾಗ ಖಾಲಿಯಿದೆ. ಎರಡರ ಕೆಳಗೂ ಪೆನ್ಸಿಲ್ಲಿನಲ್ಲಿ ಯಾರಿಗೆ ಕೊಟ್ಟದ್ದು, ಯಾವತ್ತು ಎಂದು ಬರೆದಿಟ್ಟಿದ್ದೇನೆ. ನೀವು ನಾಣ್ಯ, ಅಂಚೆಚೀಟಿ, ಕ್ರಿಕೆಟ್ ಕಾರ್ಡು, ಏನೇ ಕೂಡಿಸುತ್ತಿದ್ದರೂ ಹೀಗೇ ಬರೆದಿಡಿ. ವಸ್ತುವಿನ ಮೇಲೆ ಬೇಡ, ಪಕ್ಕದ ಹಾಳೆಯಲ್ಲಿ. ಮತ್ತೆ ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: ಚಿಕ್ಕವರಿದ್ದಾಗ ನೀವು ಏನು ಕೂಡಿಸುತ್ತಿದ್ದಿರಿ, ಅದರಲ್ಲಿ ಯಾರಿಗಾದರೂ ಬಾಕಿ ಇದೆಯಾ? ಇದೆ ಎಂದರೆ, ಭಾನುವಾರದ ಬಸ್ಸಿಗೆ ನೀವೂ ಜೊತೆಗೆ ಹೋಗಿ.