ಎರಡು ಅಂಕದ ಉತ್ತರ

ಋತುಗಳೊಡನೆ ಹಗಲಿನ ಅವಧಿ ಏಕೆ ಬದಲಾಗುತ್ತದೆ ಎಂಬುದು ಪ್ರೌಢಶಾಲೆಯ ಪರೀಕ್ಷೆಗಳಲ್ಲಿ ಬಲು ಹಳೆಯ ಪ್ರಶ್ನೆ. "ಭೂಮಿಯ ಅಕ್ಷವು 23.5 ಡಿಗ್ರಿ ವಾಲಿರುವುದರಿಂದ" ಎಂದು ಬರೆದವರಿಗೆ ಎರಡು ಅಂಕ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಆ ಅಂಕಗಳನ್ನು ಪಡೆದವರೇ. ಆದರೆ ಆ ವಾಕ್ಯವೊಂದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲವೆಂದೇ ನನ್ನ ಅಭಿಪ್ರಾಯ.

ವಾಲಿರುವುದು ಎಷ್ಟು ಮುಖ್ಯವೋ, ವರ್ಷವಿಡೀ ಒಂದೇ ದಿಕ್ಕಿಗೆ ವಾಲಿರುವುದೂ ಅಷ್ಟೇ ಮುಖ್ಯ. ಭೂಮಿ ಸೂರ್ಯನ ಯಾವ ಬದಿಯಲ್ಲಿದ್ದರೂ ಅಕ್ಷದ ಉತ್ತರ ತುದಿ ಧ್ರುವನಕ್ಷತ್ರದ ಕಡೆಗೇ. ಆದ್ದರಿಂದ ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನತ್ತ ಬಾಗಿರುತ್ತದೆ. ನಮ್ಮ ಅಕ್ಷಾಂಶವೃತ್ತದ ಅರ್ಧಕ್ಕಿಂತ ಹೆಚ್ಚು ಭಾಗ ಬೆಳಕಿನಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಇದರ ವಿರುದ್ಧ. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆಂದು ಪದವೀಧರರೂ ಹೇಳುವುದನ್ನು ಕೇಳಿದ್ದೇನೆ. ಭೂಮಿ ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ ಆ ದೂರ 15.2 ಕೋಟಿ.

ನಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡುವುದಕ್ಕೆ ಒಂದು ಕಾರಣವೂ ಉಂಟು. ಲಂಡನ್ನಿನಲ್ಲಿ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆ ಮೀರುತ್ತದೆ, ಅತಿ ಕಿರಿದಾದ ಹಗಲು ಎಂಟು ಗಂಟೆಯನ್ನೂ ಮುಟ್ಟದು. ವಿದೇಶಗಳಲ್ಲಿ ನೆಲೆಸಿದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಜೂನ್ 21ರ ಹಗಲಿಗೂ ಡಿಸೆಂಬರ್ 21ರ ಹಗಲಿಗೂ ಅಂತರ ಒಂದೂವರೆ ಗಂಟೆಯಷ್ಟೇ. ಅನುಭವಕ್ಕೆ ಬಾರದ್ದನ್ನು ಮಗು ಪುಸ್ತಕದಿಂದ ನಂಬಬೇಕಾಗುತ್ತದೆ.

ಆದರೂ ಕೆಲವು ಮಕ್ಕಳು ಸೂಕ್ಷ್ಮವಾಗಿ ಗಮನಿಸುತ್ತಾರೆ. ಡಿಸೆಂಬರ್ 21ರ ನಂತರ ಹಗಲು ಬೆಳೆಯುತ್ತದೆಂದು ಪಾಠ. ಕ್ಯಾಲೆಂಡರಿನಲ್ಲಿ ನೋಡಿದರೆ ಜನವರಿಯ ಕೊನೆಯವರೆಗೂ ಬೆಂಗಳೂರಿನ ಸೂರ್ಯೋದಯ ತಡವಾಗುತ್ತಲೇ ಹೋಗುತ್ತದೆ! ಹೀಗೆ ಕೇಳಿದ ಮಗುವನ್ನು "ಪುಸ್ತಕದಲ್ಲಿದ್ದಷ್ಟು ಓದು" ಎಂದು ಕೂರಿಸುವುದು ಅನ್ಯಾಯ. ಮಗು ಕಂಡದ್ದು ನಿಜ. ಜನವರಿಯಲ್ಲಿ ಭೂಮಿಯ ವೇಗ ಹೆಚ್ಚು. ಅದರೊಡನೆ ಅಕ್ಷದ ಓರೆಯೂ ಸೇರಿ, ಸೂರ್ಯ ನೆತ್ತಿಯ ರೇಖೆಯನ್ನು ದಾಟುವ ನಿಜವಾದ ಮಧ್ಯಾಹ್ನವೇ ಗಡಿಯಾರದಲ್ಲಿ ಮುಂದೆ ಸರಿಯುತ್ತದೆ. ಆ ಐದು ವಾರಗಳಲ್ಲಿ ಅದು ಸುಮಾರು 14 ನಿಮಿಷ ಸರಿದರೆ, ಹಗಲು ಬೆಳೆಯುವುದು ಒಂಬತ್ತು ನಿಮಿಷ ಮಾತ್ರ. ಆ ಬೆಳವಣಿಗೆಯೆಲ್ಲ ಸಂಜೆಯ ಪಾಲಾಗುತ್ತದೆ.

ಈ ಪಾಠವನ್ನು ಕಪ್ಪುಹಲಗೆಯಿಂದ ಆಟದ ಮೈದಾನಕ್ಕೆ ಒಯ್ಯಬೇಕೆಂಬುದು ನನ್ನ ವಾದ. ಒಂದು ನೇರವಾದ ಕೋಲು ನೆಟ್ಟು, ವಾರಕ್ಕೊಮ್ಮೆ ನಡುಹಗಲಿನ ಅತಿ ಗಿಡ್ಡ ನೆರಳನ್ನು ಅಳೆದು, ಪಕ್ಕದಲ್ಲಿ ಆ ದಿನದ ಸೂರ್ಯೋದಯ, ಸೂರ್ಯಾಸ್ತಗಳನ್ನು ಬರೆಸಿದರೆ ಸಾಕು. ನೆರಳು ಉತ್ತರಕ್ಕೆ ಉದ್ದವಾದಂತೆ ಹಗಲು ಕಿರಿದಾಗುವುದು, ನೆರಳು ದಕ್ಷಿಣಕ್ಕೆ ಹೊರಳಿದ ತಿಂಗಳುಗಳಲ್ಲಿ ಹಗಲು ದೀರ್ಘವಾಗಿರುವುದು ಮಕ್ಕಳಿಗೇ ಕಾಣುತ್ತದೆ. ಖರ್ಚೇನೂ ಇಲ್ಲ, ಬೇಕಾದದ್ದು ಒಂದು ವರ್ಷದ ತಾಳ್ಮೆ. ಪಠ್ಯ ಮುಗಿಸುವ ಅವಸರದಲ್ಲಿ ಅದೇ ದುರ್ಲಭವೆಂಬುದನ್ನು ನಾನು ಬಲ್ಲೆ.

ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ದಿನ ಆ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದು ಶಾಲೆ ನಡೆಯುವ ಕಾಲ. ಅಂದು ಮಧ್ಯಾಹ್ನ 12 ಗಂಟೆ 24 ನಿಮಿಷದ ಸುಮಾರಿಗೆ, ಮೋಡ ಅಡ್ಡ ಬಾರದಿದ್ದರೆ, ನಿಮ್ಮ ಮಕ್ಕಳನ್ನೂ ನನ್ನ ಮೊಮ್ಮಕ್ಕಳನ್ನೂ ಅಂಗಳಕ್ಕೆ ಕರೆದು ನಿಲ್ಲಿಸಿ.