‘ದಡ್ಡ’ ಅನ್ನೋದು ತಪಾಸಣೆ ಅಲ್ಲ

ನಮ್ಮೂರ ಶಾಲೆಯಲ್ಲಿ ನನ್ನ ಪಕ್ಕ ಕೂರ್ತಿದ್ದವನಿಗೆ ಇಪ್ಪತ್ತರ ಮಗ್ಗಿವರೆಗೂ ಬಾಯಲ್ಲಿ ಬರ್ತಿತ್ತು. ಓದು ಅಂದ್ರೆ ಮಾತ್ರ ಬೆವರು. ‘ವ’ ಇದ್ದಲ್ಲಿ ‘ಪ’ ಓದೋನು, ಬರೆಯೋವಾಗ ಒತ್ತಕ್ಷರ ಎಲ್ಲಾ ಮಾಯ. ಬೆತ್ತದೇಟು ತಿಂದೂ ತಿಂದೂ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಇವತ್ತು ಸುತ್ತಲಿನ ಯಾವ ಊರಲ್ಲಿ ಬೋರ್‌ವೆಲ್ ಮೋಟರ್ ಕೆಟ್ಟರೂ ಅವನೇ ಬೇಕು.

ಬೆಂಗಳೂರಿನ ನನ್ನ ಸಹೋದ್ಯೋಗಿಯ ಮಗನಿಗೂ ಇದೇ ತೊಂದರೆ. ಮೂರನೇ ಕ್ಲಾಸಲ್ಲೇ ಟೀಚರ್ ಗಮನಿಸಿದ್ರು, ತಪಾಸಣೆ ಆಯ್ತು, ಡಿಸ್ಲೆಕ್ಸಿಯಾ ಅಂತ ಗೊತ್ತಾಯ್ತು. ಈಗ ವಾರಕ್ಕೆರಡು ದಿನ ವಿಶೇಷ ಶಿಕ್ಷಕಿಯ ಪಾಠ, ದುಡ್ಡು ಅಪ್ಪನದು.

‘ಅದು ಆಗಿನ ಕಾಲ, ಈಗ ಕಾನೂನು ಇದೆಯಲ್ಲ’ ಅಂತೀರಾ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅದನ್ನು ಆದಷ್ಟು ಬೇಗ ಪತ್ತೆ ಮಾಡಿ ಅದಕ್ಕೆ ತಕ್ಕಂತೆ ಕಲಿಸಬೇಕು ಅಂತ 16ನೇ ಸೆಕ್ಷನ್ ಹೇಳುತ್ತೆ. ಸರ್ಕಾರಿ ಶಾಲೆಗೂ ಇದು ಅನ್ವಯ.

ಆದರೆ ತಾಲ್ಲೂಕು ಕೇಂದ್ರದ ವೈದ್ಯಕೀಯ ಶಿಬಿರಕ್ಕೆ ಹೋಗಿ ನೋಡಿ. ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ. ಇವೆಲ್ಲ ಬೇಕೇ ಬೇಕು, ತಕರಾರಿಲ್ಲ. ಆದರೆ ಕಣ್ಣು, ಕಿವಿ, ಕಾಲು ಎಲ್ಲ ಸರಿ ಇದ್ದೂ ಓದಲಾಗದ ಮಗುವನ್ನು ಆ ಶಿಬಿರಕ್ಕೆ ಕರ್ಕೊಂಡು ಬರೋರು ಯಾರು? ‘ದಡ್ಡ’ ಅಂದಮೇಲೆ ತಪಾಸಣೆ ಯಾಕೆ!

ಇನ್ನು ಎಸ್ಸೆಸ್ಸೆಲ್ಸಿ ಬಂದಾಗ ಸರ್ಟಿಫಿಕೇಟ್ ಇದ್ದೋರಿಗೆ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು ಸಿಗ್ತಾರೆ. ಒಳ್ಳೇದೇ. ಆದರೆ ರಿಲೀಸ್ ದಿನ ಬಗ್ ಹುಡುಕೋ ಟೀಮನ್ನು ನಮ್ಮ ಆಫೀಸಲ್ಲಿ ಯಾರೂ ಮೆಚ್ಚಲ್ಲ. ನನ್ನ ಗೆಳೆಯನಂಥವರು ಹತ್ತನೇ ಕ್ಲಾಸಿನವರೆಗೂ ಬರೋದೇ ಇಲ್ಲವಲ್ಲ!

ಮೇಷ್ಟ್ರನ್ನು ಬಯ್ಯೋದು ಸುಲಭ. ಮೂರು ಕ್ಲಾಸು ಒಟ್ಟಿಗೆ ಕೂರಿಸಿ, ಬಿಸಿಯೂಟ ನೋಡಿ, ಗಣತಿಗೂ ಹೋಗೋ ಮನುಷ್ಯ ಅವರು. ಅವರಿಗೆ ಬೇಕಿರೋದು ಎರಡು: ಕನ್ನಡದ್ದೇ ಒಂದು ಸರಳ ಪಟ್ಟಿ, ಅನುಮಾನ ಬಂದಾಗ ಶಾಲೆಗೇ ಬರೋ ತಜ್ಞರು. ಇಂಗ್ಲಿಷಿನ ಬಿ-ಡಿ ಗೊಂದಲದ ಪಟ್ಟಿ ಇಟ್ಕೊಂಡು ನಮ್ಮ ಗುಣಿತಾಕ್ಷರ, ಒತ್ತಕ್ಷರದ ತೊಡಕು ಅಳೆಯೋಕಾಗಲ್ಲ.

ಹೋದ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಗೆಳೆಯನ ಮಗಳು ಈಗ ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ‘ಇವಳೂ ನನ್ನ ಥರಾನೇ ಕಣೋ, ಓದು ಹತ್ತಲ್ಲ’ ಅಂತ ನಕ್ಕ. ನಗು ಬರಲಿಲ್ಲ ನನಗೆ. ಇದು ವಂಶದಲ್ಲಿ ಬರಬಹುದಾದ ತೊಂದರೆ ಅಂತ ಅವನಿಗೆ ಯಾರೂ ಹೇಳಿಲ್ಲ. ಅವಳಿಗೆ ಏಳು ವರ್ಷ. ಕಾನೂನು ಹೇಳೋ ‘ಆದಷ್ಟು ಬೇಗ’ ಅಂದ್ರೆ ಈಗಲೇ.